ಮುಚ್ಚಿದ ನಿಲ್ದಾಣದ ಬೆಂಚಿನಲ್ಲಿ ಹಿರಾನುಮಾ

ನವೆಂಬರ್ 14, ಗುರುವಾರ

ಹಿರಾನುಮಾನನ್ನು ಅಲ್ಲೇ ಬಿಟ್ಟು ಬಂದೆ. ಸಂಕಟವಾಗಬೇಕಿತ್ತು, ಆಗಲಿಲ್ಲ.

ಮಧ್ಯಾಹ್ನ ಪಟ್ಟಣಕ್ಕೆ ಹೊರಟಿದ್ದೆ. ಮುಚ್ಚಿ ಆರು ವರ್ಷವಾದ ನಮ್ಮ ರೈಲು ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದವನು ಕಾರಿಗೆ ಕೈ ಅಡ್ಡ ಹಿಡಿದ. ವಯಸ್ಸಾಯಿತು, ಇನ್ನು ಕಾರು ಓಡಿಸಬಾರದೆಂದು ಮಗಳು ಅವನ ಲೈಸೆನ್ಸನ್ನು ಪೊಲೀಸರಿಗೆ ಒಪ್ಪಿಸಿಬಿಡುವಂತೆ ಮಾಡಿದ್ದಾಳೆ.

"ಫುಸಾನೋ, ಆಸ್ಪತ್ರೆವರೆಗೂ ಬಿಟ್ಬಿಡಮ್ಮ. ನಮ್ಮವಳು ಅಲ್ಲಿ ಒಬ್ಬಳೇ ಮಲಗಿದಾಳೆ."

"ನಮ್ಮ ಯಜಮಾನ್ರೂ ಒಬ್ರೇ ಮಲಗಿದ್ರು. ಎಲ್ಲರ ಮನೇಲೂ ಕಾರಿದೆ, ರೈಲು ಯಾಕೆ ಅಂತ ಸಭೇಲಿ ಎದ್ದು ನಿಂತು ಹೇಳಿದ್ದು ನೀವೇ ತಾನೆ?"

ಟೋಪಿ ತೆಗೆದು ತಲೆ ಬಾಗಿಸಿದ. ನಾನು ಗಾಜು ಏರಿಸಿದೆ.

ಆಗ ಊರ ಮುಖ್ಯಸ್ಥ ಅವನೇ; ರೈಲು ನಿಲ್ಲಿಸಲು ಊರ ಪರವಾಗಿ ಒಪ್ಪಿಗೆಯ ಮುದ್ರೆ ಒತ್ತಿದವನೂ ಅವನೇ. ರೈಲು ನಿಂತ ಆ ಚಳಿಗಾಲ ಹಿಮಕ್ಕೆ ಬಸ್ಸೂ ನಿಂತಿತು. ನನಗೆ ಕಾರು ಬರುತ್ತಿರಲಿಲ್ಲ. ಹತ್ತೊಂಬತ್ತು ದಿನ ಯಜಮಾನರು ವಾರ್ಡಿನ ಬಾಗಿಲನ್ನೇ ನೋಡುತ್ತಿದ್ದರಂತೆ, ನರ್ಸ್ ಹೇಳಿದಳು. ಇಪ್ಪತ್ತನೆಯ ದಿನ ಫೋನ್ ಬಂತು. ಅರವತ್ತಮೂರನೇ ವಯಸ್ಸಿನಲ್ಲಿ ಕಾರು ಕಲಿತೆ. ಯಾರನ್ನು ನೋಡಲು?

ಈಗ ಕೂತು ಯೋಚಿಸಿದರೆ, ಬಿಟ್ಟು ಬಂದದ್ದು ಸಾಲದು ಅನಿಸುತ್ತಿದೆ. ನಾಳೆ ನಾನೇ ಅವನ ಮನೆ ಬಾಗಿಲಿಗೆ ಹೋಗಿ ಕಾರಿಗೆ ಹತ್ತಿಸಿಕೊಳ್ಳುತ್ತೇನೆ. ಆಸ್ಪತ್ರೆಗೆ ಐವತ್ತು ನಿಮಿಷದ ದಾರಿ. ಆ ಹತ್ತೊಂಬತ್ತು ದಿನಗಳನ್ನು ಒಂದೊಂದಾಗಿ ಹೇಳುತ್ತೇನೆ. ಕಿವಿ ಮುಚ್ಚಿಕೊಂಡರೆ ಕಾರು ನಿಲ್ಲಿಸಿ, ಕೈ ತೆಗೆಯುವವರೆಗೂ ಕಾಯುತ್ತೇನೆ. ಹೆಂಡತಿಯನ್ನು ಅವನು ನೋಡಲಿ. ನೋಡುವಾಗ ನನ್ನ ಯಜಮಾನರೂ ಅವನ ಕಣ್ಣ ಮುಂದೆ ಇರಲಿ.

ಬರುವಾಗಲೂ ಐವತ್ತು ನಿಮಿಷ. ಆಗ ಏನು ಹೇಳಬೇಕೆಂದರೆ... ಕಣ್ಣು ಎಳೆಯುತ್ತಿದೆ.