ತವನಪ್ಪನವರ ಓಪೆಲ್ ಗಾಡಿ

ಮೇಲವಂಕಿ, ತಾ. ಗೋಕಾಕ
೧೯ ಏಪ್ರಿಲ್ ೧೯೫೯

ಆತ್ಮೀಯರಾದ ಕುಂಥುನಾಥ ಗುರುಗಳಿಗೆ ಉದ್ದಪ್ಪನ ನಮಸ್ಕಾರಗಳು.

ಮುಂಬಯಿಯಿಂದ ತಾವು ಬರೆದ ಎರಡು ಪತ್ರಗಳಿಗೂ ಉತ್ತರ ಕೊಡದೆ ಕುಳಿತದ್ದು ನನ್ನ ತಪ್ಪು. ಮೂವತ್ತೊಂದು ವರ್ಷ ಮಕ್ಕಳ ತಡವನ್ನು ಒಮ್ಮೆಯೂ ಮನ್ನಿಸದವನು ಈಗ ತಡಕ್ಕಾಗಿ ಕ್ಷಮೆ ಕೇಳುತ್ತಿದ್ದೇನೆ. ನಾವೆಲ್ಲ ಆರೋಗ್ಯದಿಂದಿದ್ದೇವೆ. ಮಗಳು ಕಾಶೆವ್ವನ ಮದುವೆ ನಿಶ್ಚಯವಾಗಿದೆ. ವರ ಕಣಗಲಾ ಊರಿನವನು, ರಾಯಪ್ಪ. ಹಿಡಕಲ್ಲಿನಲ್ಲಿ ನೀರಾವರಿ ಖಾತೆಯ ನೌಕರ. ಮೇ ೨೨, ವೈಶಾಖ ಹುಣ್ಣಿಮೆ. ಪಂಚಾಂಗ ತೆಗೆಸಲಿಲ್ಲ. ಬುದ್ಧ ಹುಟ್ಟಿದ ದಿನಕ್ಕಿಂತ ಒಳ್ಳೆಯ ಮುಹೂರ್ತ ನಮಗೆ ಬೇರೆ ಯಾವುದಿದೆ?

ಈಗ ಕಷ್ಟದ ಸುದ್ದಿ. ನಮ್ಮ ಕೇರಿಯ ಯಾವ ಮದುಮಕ್ಕಳ ಮೆರವಣಿಗೆಯೂ ಇದುವರೆಗೆ ಊರ ಅಗಸಿ ಬಾಗಿಲು ದಾಟಿ ಒಳಗೆ ಬಂದದ್ದಿಲ್ಲ. ಕೇರಿಯಿಂದ ಹೊರಟು, ಹಳ್ಳದ ದಾರಿಯಲ್ಲಿ ಸುತ್ತಿ, ಕೇರಿಗೇ ಮರಳುವುದು ರೂಢಿ. ಕಾಯಿದೆ ಬದಲಾಯಿತು, ರೂಢಿ ಬದಲಾಗಲಿಲ್ಲ. ಹೋದ ತಿಂಗಳು ನಾನು ಚಾವಡಿಗೆ ಹೋಗಿ, ನನ್ನ ಮಗಳು ಅಗಸಿಯೊಳಗಿಂದ ಕಾರಿನಲ್ಲಿ ಹೋಗುತ್ತಾಳೆ ಎಂದು ತಿಳಿಸಿ ಬಂದೆ. ಅಪ್ಪಣೆ ಕೇಳಲಿಲ್ಲ, ತಿಳಿಸಿದೆ. ಅಲ್ಲಿ ಕುಳಿತವರಲ್ಲಿ ಅರ್ಧ ಜನ ನನ್ನ ಬಳಿ ಕಾಗುಣಿತ ಕಲಿತವರು. ಗೌಡರ ತಮ್ಮ ಅಣ್ಣಪ್ಪ ನಕ್ಕು, “ಹೋಗ್ರಿ ಮಾಸ್ತರ, ಯಾರ ಬ್ಯಾಡ ಅಂತಾರ? ನಿಮ್ಮ ಗಾಡಿ ತಾನ ನಡದ ಬಂತಂದ್ರ ನಾವ ಎದ್ದ ದಾರಿ ಬಿಡ್ತೀವಿ. ದೂಡಿಕೋತ ಬಂದ್ರಿ ಅಂದ್ರ ಮಾತ್ರ ನಿಮಗ ಹಳ್ಳದ ದಾರೀನ ಚಂದ” ಎಂದ. ಎಲ್ಲರೂ ನಕ್ಕರು. “ಆಗಲಿ” ಎಂದೆ. ಹತ್ತು ಜನರೆದುರು ಒಪ್ಪಿಕೊಂಡ ಮಾತು.

ಗಾಡಿ ತಮಗೆ ಪರಿಚಿತವೇ: ತಮ್ಮ ತಂದೆ ತವನಪ್ಪನವರು ಹುಕ್ಕೇರಿಗೆ ತರಿಸಿದ್ದ ಜರ್ಮನಿಯ ಓಪೆಲ್. ಅವರ ತರುವಾಯ ಮೂರು ಕೈ ದಾಟಿ, ನಾನು ನಿವೃತ್ತನಾದ ವರ್ಷ ನನ್ನ ಅಂಗಳಕ್ಕೆ ಬಂತು. “ಆ ಎಲುಬಿನ ಹಂದರವನ್ನು ಏಕೆ ಕೊಂಡಿರಿ?” ಎಂದು ತಾವು ಎರಡು ಸಲ ಕೇಳಿದ್ದೀರಿ. ಅದಕ್ಕೆ ಉತ್ತರವನ್ನು ಮುಂದೆ ಎಂದಾದರೂ ಬರೆಯುತ್ತೇನೆ.

ಡ್ರೈವರರಲ್ಲಿ ಒಂದು ಪದ್ಧತಿಯಿದೆ. ಗಾಡಿ ನಿಲ್ಲಿಸಿದ ಮೇಲೆ ಇಂಜಿನ್ನಿನಿಂದ ರೋಟರ್ ಎಂಬ ಹೆಬ್ಬೆರಳಿನಷ್ಟು ತುಂಡನ್ನು ಕಿತ್ತು ಕಿಸೆಗೆ ಹಾಕಿಕೊಳ್ಳುತ್ತಾರೆ. ನಾಲ್ಕು ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವುದು ಅದು. ಅದಿಲ್ಲದೆ ಕಳ್ಳನೂ ಗಾಡಿ ಒಯ್ಯಲಾರ. ನಾನು ಕಿಸೆಯನ್ನು ನಂಬುವವನಲ್ಲ. ಶಾಲೆ ಬಿಡುವಾಗ ತಂದ ಸೀಮೆಸುಣ್ಣದ ಡಬ್ಬಿಯಲ್ಲಿ, ಖಡೂ ತುಂಡುಗಳ ನಡುವೆ ಅದನ್ನು ಇಡುತ್ತಿದ್ದೆ. ಮದುವೆಗೆಂದು ಗೋಡೆಗೆ ಸುಣ್ಣ ಹಚ್ಚುವ ಕೆಲಸ ನಡೆದಿತ್ತು. ಹಂಡೆಯಲ್ಲಿ ಸುಣ್ಣದ ಹರಳು ಕುದಿಯುತ್ತಿದ್ದಾಗ ನನ್ನ ಮಡದಿ ಸತ್ತೆವ್ವ ಆ ಡಬ್ಬಿಯನ್ನು ಹಾಗೆಯೇ ಅದರೊಳಗೆ ಬೋರಲು ಹಾಕಿದಳು.

ಕೂಗಾಡಿದೆ. ಅವಳು ಕೈ ಒರೆಸಿಕೊಳ್ಳುತ್ತ, “ಖಡೂನೂ ಬೆಳ್ಳಗ, ಸುಣ್ಣಾನೂ ಬೆಳ್ಳಗ. ಒಂದ ಗ್ವಾಡಿಗೆ ಹೆಚ್ಚಾಕ್ಕೈತಿ ಅಂತ ಹಾಕಿದೆ. ಗಾಡಿ ಜೀವಾ ಖಡೂ ಡಬ್ಬ್ಯಾಗ ಇಟ್ಟವ್ರು ನೀವು, ಬೈಸಿಕೊಳ್ಳಾಕಿ ನಾನು!” ಎಂದಳು. ಹಂಡೆಯ ತಳದಿಂದ ತೆಗೆದಾಗ ತುಂಡು ಬಿರುಕು ಬಿಟ್ಟು, ಅದರ ಹಿತ್ತಾಳೆಯ ನಾಲಗೆ ಕಳಚಿತ್ತು. ಅಂಟಿಸಿದರೂ ನಿಲ್ಲುತ್ತಿಲ್ಲ.

ಗೋಕಾಕದ ಮೆಕ್ಯಾನಿಕ್ ಹನಮಂತ ಅದನ್ನು ಅಂಗೈಯಲ್ಲಿಟ್ಟುಕೊಂಡು, “ಮಾಸ್ತರ, ಇದು ಲಡಾಯಿಗಿಂತ ಮೊದಲಿನ ಮಾಲು. ಬೆಳಗಾವ್ಯಾಗೂ ಇಲ್ಲ, ಕೊಲ್ಲಾಪುರದಾಗೂ ಇಲ್ಲ. ಮುಂಬೈದಾಗ ಹಳೇ ಸಾಮಾನ ಮಾರೂ ಜುನ್ನಾ ಬಜಾರದಾಗ ಸಿಕ್ಕರ ಸಿಕ್ಕೀತು” ಎಂದ. ಆದುದರಿಂದ ತಮ್ಮ ಮೊರೆಹೊಕ್ಕಿದ್ದೇನೆ. ಅಳತೆಸಹಿತ ಚಿತ್ರ ಬರೆದು ಲಗತ್ತಿಸಿದ್ದೇನೆ. ಮದುವೆಗೆ ತಾವು ಬರಲೇಬೇಕು. ಅದನ್ನು ಬೇರೆ ಹೇಳಬೇಕಾಗಿಲ್ಲ.

ತಮ್ಮ
ಉದ್ದಪ್ಪ

---

ಮೇಲವಂಕಿ
೧೧ ಮೇ ೧೯೫೯

ಪ್ರಿಯ ಕುಂಥುನಾಥ ಗುರುಗಳಿಗೆ ನಮಸ್ಕಾರಗಳು.

ತಾವು ಕಳುಹಿಸಿದ ಪಾರ್ಸೆಲ್ ಘಟಪ್ರಭಾ ಸ್ಟೇಶನ್ನಿಗೆ ಬಂತು. ಅಲ್ಲಿಯೇ ಬಿಚ್ಚಿ ನೋಡಿದೆ. ಅದು ಇಂಗ್ಲೆಂಡಿನ ಗಾಡಿಯ ರೋಟರ್. ನಮ್ಮ ಗಾಡಿಯಲ್ಲಿ ಅದು ಕೂಡುವ ಕಂಬಿಯ ಮೇಲೆ ಅಮ್ಮನ ಬಳೆ ಮಗಳ ಕೈಯಲ್ಲಿ ತಿರುಗುವಂತೆ ತಿರುಗುತ್ತದೆ. ಅಂಗಡಿಯವನು ತಮಗೆ ಸುಳ್ಳು ಹೇಳಿದ್ದಾನೆ. ಬಿಸಿಲಿನಲ್ಲಿ ಬೀದಿ ಬೀದಿ ತಿರುಗಿದಿರಲ್ಲ, ಆ ಋಣ ನನ್ನ ಮೇಲಿದೆ.

ದಿಕ್ಕು ತೋಚದೆ ಗೋಕಾಕದಲ್ಲಿ ಗೊಂಬೆ ಮಾಡುವ ಕೆಂಚವ್ವನ ಮನೆಗೆ ಹೋದೆ. ಕಟ್ಟಿಗೆಯಲ್ಲಿ ಅವಳು ಮಾಡಿದ ಹಣ್ಣನ್ನು ಕಂಡು ಗಿಳಿ ಮೋಸಹೋಗುತ್ತದೆಂದು ಪ್ರತೀತಿ. ಮುರಿದ ತುಂಡನ್ನು ಮೂಸಿ ನೋಡಿ, “ಇದೇನ್ ಹಣ್ಣರಿ ಮಾಸ್ತರ?” ಎಂದಳು. “ಗಾಡಿಯ ಹಣ್ಣು” ಎಂದೆ. “ಆತ್ ಬಿಡ್ರಿ, ಬಣ್ಣ ಸುದ್ದಾ ತಪ್ಪೂದಿಲ್ಲ” ಎಂದಳು, ತಪ್ಪಲೂ ಇಲ್ಲ. ಕಟ್ಟಿಗೆಯಲ್ಲಿ ಅದರಂತೆಯೇ ಕೆತ್ತಿ, ಅರಗು ಹಚ್ಚಿ, ಹಳೆಯ ಹಿತ್ತಾಳೆಯ ನಾಲಗೆಯನ್ನೇ ಕೂಡಿಸಿ ಕೊಟ್ಟಳು. ಹನಮಂತ ತೊಡಿಸಿ ಹ್ಯಾಂಡಲ್ ತಿರುಗಿಸಿದ. ಗುರುಗಳೇ, ಇಂಜಿನ್ ಹೊತ್ತಿಕೊಂಡಿತು! ಸತ್ತೆವ್ವ ಅಳತೊಡಗಿದಳು. ನಾನು ಅಲ್ಲಿಯೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ, ಊರವರು ನೋಡಲಿ ಎಂಬ ಹಮ್ಮಿನಿಂದ ನಡುಮಧ್ಯಾಹ್ನ ಅಗಸಿಯವರೆಗೆ ತಂದೆ.

ಸರಿಯಾಗಿ ಅಗಸಿಯ ಬಾಗಿಲಲ್ಲಿ ಕಟ್ಟಿಗೆ ಸುಟ್ಟ ವಾಸನೆ ಬಂತು. ಗಾಡಿ ಎರಡು ಸಲ ಕೆಮ್ಮಿ ಸತ್ತಿತು. ಕಟ್ಟೆಯ ಮೇಲೆ ಅಣ್ಣಪ್ಪ ಕುಳಿತಿದ್ದ. “ಮಾಸ್ತರ, ಗೊಂಬಿ ಹಾಕಿ ಓಡಸಾಕತ್ತೀರಂತ? ಎರಡ ಎತ್ತ ಕೊಡಲೇನ್ರಿ?” ಎಂದ. ಹನಮಂತನೂ ನಾನೂ ದೂಡಿಕೊಂಡು ಕೇರಿಗೆ ಮರಳಿದೆವು. ಯಾರೂ ಕಲ್ಲೆಸೆಯಲಿಲ್ಲ, ಬೈಯಲಿಲ್ಲ. ನಕ್ಕರು, ಅಷ್ಟೇ. ಕಲ್ಲಾದರೆ ಪೊಲೀಸರಿಗೆ ದೂರು ಕೊಡಬಹುದಿತ್ತು.

ಇನ್ನು ಹನ್ನೊಂದು ದಿನ. ಇನ್ನೊಮ್ಮೆ ಹುಡುಕಿರಿ. ಮೋರಿಯಲ್ಲಿ ಬಿದ್ದ ಗಾಡಿಯಿದ್ದರೂ ಅದರ ಹೊಟ್ಟೆಯೊಳಗೆ ಕೈಹಾಕಿ ನೋಡಿರಿ. ನಾನು ಯಾರಿಗೂ ಹೀಗೆ ಅಂಗಲಾಚಿ ಬರೆದವನಲ್ಲ.

ತಮ್ಮ
ಉದ್ದಪ್ಪ

---

ಮೇಲವಂಕಿ
೧೬ ಮೇ ೧೯೫೯

ಪ್ರಿಯ ಕುಂಥುನಾಥ ಗುರುಗಳಿಗೆ ನಮಸ್ಕಾರಗಳು.

ತಮ್ಮ ಪತ್ರ ಇಂದು ಮುಟ್ಟಿತು. ಇಡೀ ಮುಂಬಯಿಯಲ್ಲಿ ಆ ತುಂಡು ಇಲ್ಲವೆಂದು ತಿಳಿಯಿತು. ಬೆಳಗಾವಿಯಿಂದ ಹೊಸ ಬಾಡಿಗೆ ಕಾರನ್ನು ತಮ್ಮ ಖರ್ಚಿನಲ್ಲಿ ಕಳುಹಿಸುವುದಾಗಿ ಬರೆದಿದ್ದೀರಿ. ತಮ್ಮ ಔದಾರ್ಯಕ್ಕೆ ತಲೆಬಾಗುತ್ತೇನೆ, ಕಾರು ಬೇಡ. ಮೊಣಕಾಲಿನ ನೋವಿನಿಂದ ಮದುವೆಗೆ ಬರಲಾಗದೆಂದೂ ಬರೆದಿದ್ದೀರಿ. ಆ ಸಾಲನ್ನು ಮೂರು ಸಲ ಓದಿದೆ.

ಮನೆಯಲ್ಲಿ ಸುಣ್ಣದ ಕೆಲಸ ಮುಗಿದಿದೆ. ಗೋಡೆಗಳು ಬೆಳ್ಳಗೆ ಹೊಳೆಯುತ್ತಿವೆ, ನೋಡಲಾರೆ. ನಿನ್ನೆ ಊಟಕ್ಕೆ ಬಡಿಸುತ್ತ ಕಾಶೆವ್ವ, “ಅಪ್ಪಾ, ನಡಕೋತ ಹೋದ್ರ ನಾ ಮದುಮಗಳ ಅಲ್ಲೇನು? ಅಗಸಿ ಒಳಗ ಹೋಗೂದು ಮುಖ್ಯೋ, ಗಾಡ್ಯಾಗ ಕೂಡೂದು ಮುಖ್ಯೋ?” ಎಂದಳು. ಅವಳು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದವಳು. ಪ್ರಶ್ನೆ ನೇರವಾಗಿಯೇ ಇತ್ತು. ಉತ್ತರ ಗೊತ್ತಿಲ್ಲದ ಮಾಸ್ತರನಂತೆ, “ಮೊದಲು ರೊಟ್ಟಿ ಹಾಕು” ಎಂದು ಗದರಿಸಿದೆ. ರಾತ್ರಿಯೆಲ್ಲ ಅದೇ ಪ್ರಶ್ನೆ. ಗಾಡಿಯಲ್ಲದೆ ಬೇರೊಂದನ್ನು ನಾನು ಅಗಸಿಯೊಳಗೆ ಒಯ್ಯಬೇಕೆಂದಿದ್ದೆ ಎಂಬುದು ಬೆಳಗಿನ ಜಾವ ತಿಳಿಯಿತು.

ತಮ್ಮ ಮನೆಯವರಿಗೆ ನಮಸ್ಕಾರ. ಮೊಮ್ಮಕ್ಕಳು ವಿದ್ಯಾವಂತರಾಗಲಿ, ಅದಕ್ಕಿಂತ ಮಿಗಿಲಾಗಿ ನಿರ್ಭೀತರಾಗಲಿ ಎಂದು ಈ ಮುದುಕನ ಹರಕೆ. ಮೊಣಕಾಲಿಗೆ ಬಿಸಿ ಎಳ್ಳೆಣ್ಣೆ ಹಚ್ಚಿಸಿಕೊಳ್ಳಿರಿ.

ತಮ್ಮ
ಉದ್ದಪ್ಪ

ತಾ. ಕ.: ಗಾಡಿಯನ್ನು ಏಕೆ ಕೊಂಡೆನೆಂಬ ಪ್ರಶ್ನೆಗೆ ಉತ್ತರ ಬಾಕಿ ಉಳಿದಿದೆ. ೧೯೩೭ರಲ್ಲಿ ಹುಕ್ಕೇರಿಯಲ್ಲಿ ತಮ್ಮ ಮದುವೆ. ನಾವಿಬ್ಬರೂ ಒಂದೇ ಶಾಲೆಯ ಮಾಸ್ತರರು. ತಾವು ಕೈಯಾರೆ ಪತ್ರ ಬರೆದು ಕರೆದಿದ್ದಿರಿ. ನಾನು ಹೊಸ ಕೋಟು ಹೊಲಿಸಿಕೊಂಡು ಬಂದೆ. ಪೇಟೆಯ ನಡುವೆ ಮೆರವಣಿಗೆಯ ಗಾಡಿ, ಇದೇ ಗಾಡಿ, ನಿಂತುಬಿಟ್ಟಿತು. ತಮ್ಮ ತಂದೆಯವರು ಅಷ್ಟು ಜನರ ಮೇಲೆ ಕಣ್ಣಾಡಿಸಿ, “ಏ ಉದ್ದ್ಯಾ, ಬಾರೋ ಇಲ್ಲೆ, ಕೈ ಹಚ್ಚ” ಎಂದರು. ಇಬ್ಬರು ಆಳುಗಳ ಜೊತೆ ಬಸದಿಯವರೆಗೆ ದೂಡಿದೆ. ನಾನು ಮುಟ್ಟಿದರೆ ಗಾಡಿಗೆ ಮೈಲಿಗೆಯಿಲ್ಲವೆಂದು ಅಂದು ತಿಳಿಯಿತು. ಊಟಕ್ಕೆ ನನ್ನ ಎಲೆಯನ್ನು ದನದ ಕೊಟ್ಟಿಗೆಯ ಬಾಜೂಕ್ಕೆ ಹಾಕಿದರು. ಅವೆರಡನ್ನೂ ನುಂಗಿಕೊಂಡಿದ್ದೇನೆ. ನುಂಗಲಾಗದ್ದು ಒಂದೇ. ನಾನು ದೂಡುತ್ತಿದ್ದಾಗ ಹಿಂದಿನ ಗಾಜಿನಲ್ಲಿ ಬಾಸಿಂಗ ಕಟ್ಟಿದ ತಮ್ಮ ಮುಖ ಹೊರಳಿತು. ನನ್ನನ್ನು ಕಂಡಿರಿ. ಮತ್ತೆ ಮುಂದಕ್ಕೆ ತಿರುಗಿದಿರಿ. ಇಪ್ಪತ್ತೆರಡು ವರ್ಷ ಆ ಮಾತನ್ನು ತಾವೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ರೋಟರ್ ಹುಡುಕುವುದನ್ನು ಬಿಡಿರಿ. ಆ ಸೀಟಿನ ಮೇಲೆ ಕಾಶೆವ್ವ ಕೂಡುತ್ತಾಳೆ, ಗಾಡಿಯನ್ನು ದೂಡಿಕೊಂಡೇ ಅಗಸಿಯೊಳಗೆ ಒಯ್ಯುತ್ತೇವೆ. ಅಣ್ಣಪ್ಪನಿಗೆ ಕೊಟ್ಟ ಮಾತು ಮುರಿಯುತ್ತದೆ. ಮುರಿಯಲಿ, ಅದನ್ನು ಒಪ್ಪಿದ್ದೇ ನನ್ನ ತಪ್ಪು. ನಗುವವರು ನಗಲಿ. ಗುರುವಾರ ಬೆಳಿಗ್ಗೆ ಘಟಪ್ರಭಾ ಸ್ಟೇಶನ್ನಿನಲ್ಲಿ ನಿಂತಿರುತ್ತೇನೆ. ಬನ್ನಿರಿ. ತಮ್ಮ ಮೊಣಕಾಲಿಗೆ ಭಾರ ಬೀಳದಂತೆ ಬಲಗಡೆ ನಾನು ಜೋರು ಹಾಕುತ್ತೇನೆ. ತಮಗೆ ಎಡಗಡೆ. ಮಡ್‌ಗಾರ್ಡಿನ ಕೆಳಗೆ ನಾಲ್ಕು ಬೆರಳು ಹಿಡಿಯುವಷ್ಟು ಅಂಚಿದೆ. ಅಂದು ನಾನು ಹಿಡಿದದ್ದು ಅಲ್ಲಿಯೇ.