ಗದ್ದ ಸವರಿ ಹೇಳಿದ ಹೆಸರು

ಗ್ಯಾರಿಬಾಲ್ಡಿ ಬಂದರು, ಆರೆಗಾನ್
ಆಗಸ್ಟ್ ೧೪, ಬುಧವಾರ

ಪ್ರೀತಿಯ ಐಲಿ ಅಕ್ಕನಿಗೆ,

ಈ ಬಂದರಿನ ಬಂಡೆಮೀನುಗಳ ಮಹಾಪರೀಕ್ಷಕನೂ ಅಳತೆ ಹಲಗೆಯ ಏಕೈಕ ಒಡೆಯನೂ ಆದ ನಿನ್ನ ತಮ್ಮ ಆರ್ನಿ ಮಾಡುವ ವಿಜ್ಞಾಪನೆ. ಆರೋಗ್ಯವಾಗಿದ್ದೀಯಾ? ಅಲಾಸ್ಕದ ಚಳಿಗೆ ಎಡಗೈ ಬೆರಳುಗಳು ಈಗಲೂ ಮರಗಟ್ಟುತ್ತವೆಯೆ? ಕೈಗವಸು ಒದ್ದೆಯಾದರೆ ತಕ್ಷಣ ಬದಲಿಸು. ಇದು ನನ್ನ ಆಜ್ಞೆ, ಅಪ್ಪನದಲ್ಲ. 'ಒಂದು ದೋಣಿಗೆ ಒಬ್ಬನೇ ಕ್ಯಾಪ್ಟನ್ನು' ಎಂದು ನಿನ್ನನ್ನು ಕಳಿಸಿದ ಮೇಲೆ ಅಪ್ಪ ನಿನ್ನ ಹೆಸರೆತ್ತಿಲ್ಲ. ಆದರೆ ಉತ್ತರದಿಂದ ಬಂದವರನ್ನೆಲ್ಲ ನಿಲ್ಲಿಸಿಕೊಂಡು ನೀನಿರುವ ಕೊಡಿಯಾಕ್ ಕಡೆ ಗಾಳಿ ಹೇಗಿದೆ ಎಂದು ಕೇಳುತ್ತಾನೆ.

ನನ್ನ ಕೆಲಸ ಗೊತ್ತಲ್ಲ. ಗಾಳ ಹಾಕಿ ವಾಪಸಾದವರ ಡಬ್ಬ ತೆರೆಸಿ, ಮೀನಿನ ಜಾತಿ ಗುರುತಿಸಿ, ಮೂತಿಯಿಂದ ಬಾಲದವರೆಗೆ ಅಳೆದು ಬರೆಯುವುದು. ದಂಡ ಹಾಕುವವರು ಬೇರೆ. ಮೊನ್ನೆ ಪೋರ್ಟ್‌ಲೆಂಡಿನ ಒಬ್ಬ ದಂತವೈದ್ಯನಿಗೆ, "ಸ್ವಾಮೀ, ಈ ಮೀನಿಗೆ ನಿಮಗಿಂತ ವಯಸ್ಸಾಗಿದೆ, ಟೋಪಿ ತೆಗೀರಿ" ಅಂದೆ. ತೆಗೆದೇಬಿಟ್ಟ! ಮೊದಲಾಗಿದ್ದರೆ ಐಸ್ ಪೆಟ್ಟಿಗೆಯ ಹಿಂದೆ ನೀನು ಬಾಯಿಗೆ ಸ್ಕಾರ್ಫ್ ತುರುಕಿಕೊಂಡು ನಗುತ್ತಿದ್ದೆ. ತಿರುಗಿ ನೋಡಿದೆ. ಒಂದು ಕಡಲಹಕ್ಕಿ ಕೂತಿತ್ತು. ಅದಕ್ಕೆ ಹಾಸ್ಯಪ್ರಜ್ಞೆ ಸಾಲದು. ಅಮ್ಮನಿಲ್ಲದ ಮನೆಯಲ್ಲಿ ನಾನು, ಅಪ್ಪ ಎದುರುಬದುರು ಕೂತು ಉಣ್ಣುತ್ತೇವೆ. ಉಪ್ಪು ಕೇಳುವುದೇ ದಿನದ ಸಂಭಾಷಣೆ.

ಈಚೆಗೆ ಅಪ್ಪ ಒಂದು ಹೊಸ ಆಟ ಕಲಿತಿದ್ದ. ಗಾಳ ಹಾಕಿಸಲು ಕರೆದೊಯ್ದ ಗಿರಾಕಿಗಳೊಂದಿಗೆ ಮರಳಿ ದೋಣಿ ಕಟ್ಟಿ, ಕೆಂಪು ಮೀನು ಯಾವುದೇ ಇರಲಿ, ಹೆಬ್ಬೆರಳಿನಿಂದ ಅದರ ಗದ್ದ ಸವರಿ, ತಲೆ ಸವರಿ, ಆಕಾಶ ನೋಡುತ್ತ ಹೆಸರು ಹೇಳುವುದು. ಗದ್ದ ಒರಟಾಗಿದ್ದರೆ ವರ್ಮಿಲಿಯನ್ ಎಂಬ ಜಾತಿ. ಕಣ್ಣಿನ ಮೇಲೆ ಅರದಂಥ ಏಣು ಸಿಕ್ಕರೆ ಹಳದಿಗಣ್ಣ. ಅದನ್ನಂತೂ ಕಾನೂನಿನ ಪ್ರಕಾರ ಕಡಲಲ್ಲೇ ಬಿಟ್ಟು ಬರಬೇಕು. ಎರಡೂ ಇಲ್ಲದಿದ್ದರೆ ಕ್ಯಾನರಿ. ಗಿರಾಕಿಗಳು ಚಪ್ಪಾಳೆ ತಟ್ಟುತ್ತಿದ್ದರು. ನನ್ನ ವಿದ್ಯೆ ಮುದುಕನಿಗೂ ಹತ್ತಿತಲ್ಲ ಎಂದು ಹೆಮ್ಮೆಪಟ್ಟೆ.

ಶನಿವಾರ ಒಂದು ಚಿಕ್ಕ ಮೀನು ಸವರಿ, "ಕ್ಯಾನರಿ, ಹನ್ನೆರಡು ಇಂಚು" ಅಂದ. ಗಿರಾಕಿಯೊಬ್ಬ, "ಕ್ಯಾಪ್ಟನ್, ಮೈಮೇಲೆ ಎರಡು ಬಿಳಿ ಗೆರೆ ಇವೆಯಲ್ರೀ?" ಎಂದ.

"ಬಿಸಿಲಿಗೆ ಹಂಗೆ ಕಾಣ್ಸುತ್ತೆ, ಬಿಡಿ."

ಅಂದು ಬಿಸಿಲೇ ಇರಲಿಲ್ಲ ಅಕ್ಕ. ಮಂಜು ಕವಿದಿತ್ತು. ಮರಿ ಹಳದಿಗಣ್ಣನಿಗೆ ಏಣು ಮೂಡಿರುವುದಿಲ್ಲ, ಬಿಳಿ ಗೆರೆ ನೋಡಿಯೇ ಗುರುತಿಸಬೇಕು. ನಮಗಿಬ್ಬರಿಗೂ ಅದನ್ನು ಕಲಿಸಿದವನು ಅಪ್ಪನೇ. 'ಹಳದಿಗಣ್ಣ, ಮೂವತ್ತೊಂದು ಸೆಂಟಿಮೀಟರ್' ಎಂದು ಬರೆದೆ. ಪೆನ್ಸಿಲ್ ಎರಡು ಸಲ ಮುರಿಯಿತು.

ಆ ಸಂಜೆ ಕರಿ ಮಾರ್ಕರಿನಿಂದ ಕಿವಿಯಿಂದ ಕಿವಿಗೆ ಹಗ್ಗದಂಥ ಮೀಸೆ ಬರೆದುಕೊಂಡು ಊಟಕ್ಕೆ ಕೂತೆ. ಅಪ್ಪ ನೇರ ನನ್ನ ಮುಖವನ್ನೇ ನೋಡಿದ. "ಯಾಕೋ ಸುಮ್ನಿದ್ದೀಯ? ಆಲೂಗಡ್ಡೆ ಆರಿಹೋಗುತ್ತೆ, ತಿನ್ನು" ಅಂದ. ತಿಂದೆ. ಆಮೇಲೆ ಸಿಂಕಿನ ಬಳಿ ನಿಂತು ಬಹಳ ಹೊತ್ತು ಸೋಪು ಹಾಕಿ ತಿಕ್ಕಿದೆ. ಸುಲಭಕ್ಕೆ ಹೋಗುವುದಿಲ್ಲ ಅದು.

ನಿನ್ನ ದೋಣಿಯವರಿಗೆಲ್ಲ ಮಹಾಪರೀಕ್ಷಕನ ಸಲಾಮು ತಿಳಿಸು. ಕಡಲು ನಿನ್ನ ಮೇಲೆ ಮುನಿಯದಿರಲಿ.

ನಿನ್ನ
ಆರ್ನಿ

ತಾ.ಕ.: ಫೋನ್ ಮಾಡಲಿಲ್ಲ, ಮನೆಯ ಗೋಡೆ ತೆಳು, ಅಪ್ಪನ ಕಿವಿ ಈಗ ಮೊದಲಿಗಿಂತ ಚುರುಕು. ಭಾನುವಾರವೂ ಆರು ಜನರನ್ನು ಕೂರಿಸಿಕೊಂಡು ಅಳಿವೆಯ ಅಲೆ ದಾಟಿ ಹೋಗಿ ಬಂದ. ಅದಕ್ಕೇ ಸೋಮವಾರದಿಂದ ದೋಣಿಯ ಎರಡೂ ಕೀಲಿಕೈಗಳು ನನ್ನ ಬೂಟಿನಲ್ಲಿವೆ. ಅಪ್ಪ ಒಂದೊಂದೇ ಕಪಾಟು ತಡವುತ್ತ, "ಎಲ್ಲಿಟ್ಟೆನೋ, ಹಾಳು ಮರೆವು" ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಾನೆ. ನನಗದನ್ನು ಬಹಳ ದಿನ ನೋಡಲಾಗುವುದಿಲ್ಲ. ನಾನು ದೋಣಿ ಹತ್ತಿದರೆ ಕಟ್ಟೆ ಬಿಡುವ ಮೊದಲೇ ವಾಂತಿ. ಲೈಸೆನ್ಸ್ ಇರುವವಳು ನೀನು. ಬಾ. ಕಣ್ಣಿನ ಮಾತೆತ್ತಬೇಡ. ಅಲ್ಲಿ ಕೆಲಸ ಹೋಯಿತು, ಬೇರೆ ಗತಿಯಿಲ್ಲ ಎಂದು ಅವನ ಮುಂದೆ ತಲೆ ತಗ್ಗಿಸಿ ನಿಲ್ಲು. ಚೆನ್ನಾಗಿ ಬೈದು ಚುಕ್ಕಾಣಿ ಕೊಡುತ್ತಾನೆ. ನಿನಗೆ ಸುಳ್ಳು ಹೇಳಲು ಬರುವುದಿಲ್ಲ, ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಾ.