ಆಧಾರ್ ಕಾರ್ಡಿನ ಮೇ ಹದಿನೆಂಟು

ಏಪ್ರಿಲ್ 21, 2025

ಇವತ್ತೂ ಎರಡೇ ಬಕೆಟ್ ನೀರು, ಒಂಬತ್ತು ಹೆಂಗಸರಿಗೆ. ಮಗಳು ಯಶಿಕಾಳ ತಲೆ ತೊಳೆದೆ, ನಾನು ಹಾಗೇ ಉಳಿದೆ. ಮುಟ್ಟಿನ ಮೂರನೇ ದಿನ. ಪ್ಯಾಡ್ ಕೇಳಿದರೆ ವಾರ್ಡರ್ ಮುನಿಲಕ್ಷ್ಮಿ ಮೇಡಂ, "ಸ್ಟಾಕಿಲ್ಲ ಕಣೇ ಗಂಗಾ, ನಾನೇನ್ ಮಾಡ್ಲಿ" ಎಂದರು. ಒಳ್ಳೆಯವರೇ. ಒಳ್ಳೆಯವರಿಂದಲೂ ಇಲ್ಲಿ ಏನೂ ಆಗುವುದಿಲ್ಲ.

ವಾರಗಿತ್ತಿ ಸತ್ತ ಕೇಸು. ಜೈಲಿಗೆ ಬಂದು ಹದಿನಾಲ್ಕು ತಿಂಗಳು, ವಿಚಾರಣೆ ಶುರುವೇ ಆಗಿಲ್ಲ. ಗಂಡ ಕದಿರೇಶನೂ ಅದೇ ಕೇಸಿನಲ್ಲಿ, ಗಂಡಸರ ಕಡೆ.

ಏಪ್ರಿಲ್ 29

ಆಫೀಸಿಗೆ ಕರೆಸಿದರು. ಮೇ ಹದಿನೆಂಟಕ್ಕೆ ಮಗುವಿಗೆ ಆರು ತುಂಬುತ್ತದಂತೆ. ಆರು ತುಂಬಿದರೆ ತಾಯಿ ಜೊತೆ ಜೈಲಿನಲ್ಲಿ ಇರುವಂತಿಲ್ಲ. ನನ್ನಮ್ಮನಿಗೆ ಕಣ್ಣು ಕಾಣುವುದಿಲ್ಲ. ಹಾಗಾಗಿ ಬಾಲಮಂದಿರ.

ಆರು ತುಂಬಿಲ್ಲ! ಅವಳು ಹುಟ್ಟಿದ್ದು ದೀಪಾವಳಿ ಕಳೆದ ಮೇಲೆ, ಗೌನಿಪಲ್ಲಿಯಲ್ಲಿ, ಮನೆಯಲ್ಲೇ. ಆಸ್ಪತ್ರೆ ಚೀಟಿ ಇಲ್ಲ. ಒಂದನೇ ಕ್ಲಾಸಿಗೆ ಒಂದು ವರ್ಷ ತಡವಾದೀತೆಂದು ನಾನೇ ಶ್ರೀನಿವಾಸಪುರಕ್ಕೆ ಹೋಗಿ ಆಧಾರ್ ಕಾರ್ಡಿಗೆ ಆರು ತಿಂಗಳು ಹಿಂದಿನ ತಾರೀಖು ಬರೆಸಿದೆ. ಊರಲ್ಲಿ ಎಲ್ಲರೂ ಬರೆಸುತ್ತಾರೆ. ಎಂಥಾ ಬುದ್ಧಿವಂತೆ ಎಂದು ಬೀಗಿದ್ದೆ. ಥೂ, ನನ್ನ ಬುದ್ಧಿಗಿಷ್ಟು.

ಮೇ 6

ಸರ್ಕಾರ ಕೊಟ್ಟ ಲಾಯರ್ ಶಿವಕುಮಾರ್ ಬಂದಿದ್ದರು.

"ನೋಡಮ್ಮಾ, ಸುಳ್ಳು ತಾರೀಖು ಬರೆಸಿದೆ ಅಂತ ನೀನೇ ಅಫಿಡವಿಟ್ ಕೊಟ್ರೆ ಬೇಲ್‌ಗೆ ಏಟು ಬೀಳುತ್ತೆ."

"ಬೀಳ್ಲಿ ಸಾರ್. ಇನ್ನಾರು ತಿಂಗಳು ಜೊತೇಲಿರ್ತಾಳೆ."

ಸಹಿ ಹಾಕಿದೆ. ಕೋರ್ಟಿಗೆ ಬೇಸಿಗೆ ರಜೆ, ಮಗು ನನ್ನ ಜೊತೆಗಿರಲಿ ಎನ್ನುವ ಅರ್ಜಿ ವಿಚಾರಣೆಗೆ ಬರುವುದು ಜೂನ್‌ಗೆ. ಅದಕ್ಕೆ ಮುಂಚೆ ಮಕ್ಕಳ ಕಲ್ಯಾಣ ಸಮಿತಿಯವರು ಬರುತ್ತಾರೆ, ಅವರು ಒಪ್ಪಿದರೆ ಸಾಕು ಎಂದರು.

ಮೇ 16, ಬೆಳಿಗ್ಗೆ 11

ಸಮಿತಿಯ ಮೇಡಂ ಬಂದರು. ಎಲ್ಲ ಹೇಳಿಕೊಂಡೆ. ಪೂರ್ತಿ ಕೇಳಿದರು... ಮನಸ್ಸು ಕರಗಿದಂತೆಯೂ ಕಂಡಿತು. ಆಮೇಲೆ ಮಗುವನ್ನು ಹತ್ತಿರ ಕರೆದರು.

"ನಿಂಗೆಷ್ಟು ವರ್ಷ ಪುಟ್ಟಾ?"

ಬೇಲ್ ಸಿಕ್ಕರೆ ಜೂನ್‌ಗೆ ಸ್ಕೂಲು ಎಂದು ಇಲ್ಲೇ ಕೂರಿಸಿ ಬಾಯಿಪಾಠ ಮಾಡಿಸಿದವಳು ನಾನೇ. ಕೈಕಟ್ಟಿ ನಿಂತಳು.

"ಹದಿನೆಂಟು, ಮೇ, ಎರಡು ಸಾವಿರದ ಹತ್ತೊಂಬತ್ತು. ನಂಗೆ ಆರು ವರ್ಷ ಮಿಸ್."

ಒಂದೂ ತಪ್ಪಿಲ್ಲ. ಹೇಳಿ ನನ್ನ ಕಡೆ ನೋಡಿ ನಕ್ಕಳು. ಮೇಡಂ ಬರೆದುಕೊಂಡರು.

ಮೇ 19

ಕರೆದುಕೊಂಡು ಹೋದರು. ಅಳಲಿಲ್ಲ. ಸ್ಕೂಲಿಗೆ ಎಂದುಕೊಂಡಳು. ನಾನೂ ಹೌದು ಎಂದೆ. ಮತ್ತೊಂದು ಸುಳ್ಳು.

ಜೂನ್ 4

ಮಗು ಆಗಲೇ ಹೊರಗಿದೆ, ಇನ್ನು ಅರ್ಜಿ ಯಾಕೆ ಎಂದಿತು ಕೋರ್ಟು — ವಜಾ. ಅಫಿಡವಿಟ್ ಮಾತ್ರ ಫೈಲಿನಲ್ಲಿ ಉಳಿಯಿತು. ಊಟ ಸೇರುತ್ತಿಲ್ಲ. ಬದುಕಬೇಕು ಅನ್ನಿಸುತ್ತಿಲ್ಲ.

ಜೂನ್ 9

ಬಾಲಮಂದಿರಕ್ಕೆ ಮಾತಾಡಲು ಐದು ನಿಮಿಷ ಫೋನ್ ಕೊಟ್ಟರು. ಯಶಿಕಾ ಲೈನಿಗೆ ಬಂದಳು.

"ಅಮ್ಮಾ, ನಾನು ತಪ್ಪು ಹೇಳಿದ್ನಾ? ಇನ್ನೊಂದ್ಸಲ ಹೇಳ್ತೀನಿ, ಕರ್ಕೊಂಡ್ಹೋಗಮ್ಮಾ."

ಸರಿಯಾಗೇ ಹೇಳಿದೆ ಕಂದಾ, ಎಂದೆ. ಕೇಳಲಿಲ್ಲ, ಶುರು ಮಾಡಿಯೇ ಬಿಟ್ಟಳು — ಹದಿನೆಂಟು, ಮೇ, ಎರಡು ಸಾವಿರದ... ಐದು ನಿಮಿಷ ಮುಗಿದು ಲೈನ್ ಕಟ್ಟಾಯಿತು.